ಬೆಳಗ್ಗೆ ಕಟ್ಟಿದ ಲಾಡಿ ಸಂಜೆಗೆ ಬಿಗಿಯಾದರೆ

ನನ್ನ ತಂಗಿ ಮಗಳು ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಾಗ ಎರಡು ವರ್ಷ ನಮ್ಮ ಮನೇಲೇ ಇದ್ದಳು. ಬೆಳಗ್ಗೆ ಸರಿಯಾಗಿ ಕಟ್ಟಿಕೊಂಡು ಹೋದ ಚೂಡಿದಾರದ ಲಾಡಿ, ಸಂಜೆ ಬರೋ ಹೊತ್ತಿಗೆ ಸೊಂಟದ ಸುತ್ತ ಕೆಂಪಗೆ ಬರೆ ಎಳೆದಿರ್ತಿತ್ತು. ಹೊಟ್ಟೆ ತಮಟೆ ಹಾಗೆ ಬಿಗಿ. ಒಂದಿನ ಬಸ್ಸಲ್ಲಿ ಯಾರೋ ಬಸುರಿ ಅಂದ್ಕೊಂಡು ಸೀಟು ಬಿಟ್ಟುಕೊಟ್ಟರಂತೆ, ಮನೆಗೆ ಬಂದು ಅತ್ತುಬಿಟ್ಟಳು. "ಗ್ಯಾಸು ಕಣೇ, ಹೊರಗಿನ ತಿಂಡಿ ಬಿಡು" ಅಂದೆ ನಾನು. ನಮ್ಮಮ್ಮ ಮಾಡ್ತಿದ್ದ ಹಾಗೇ ನಾಲ್ಕು ಎಸಳು ಬೆಳ್ಳುಳ್ಳಿ ಸುಟ್ಟು ತಿನ್ನಿಸಿದೆ. ರಾತ್ರಿ ಇನ್ನೂ ಜಾಸ್ತಿ ಆಯ್ತು.

ಮುಟ್ಟಿನ ನೋವು, ಹೊಟ್ಟೆ ಉಬ್ಬರ ಎರಡೂ ಒಂದೇ ಬೇರಿನವು ಅಂತ ಗೊತ್ತಾಗಲು ಬಹಳ ದಿನ ಹಿಡೀತು. ಮೊದಲ ಸ್ಕ್ಯಾನಿಂಗಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೇಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡೋದು, ಮಾಡಿದ ಮೇಲೆ ಎಂಡೊಮೆಟ್ರಿಯೋಸಿಸ್ ಅಂದರು. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕೆಲವರಿಗೆ ಕರುಳಿನ ಮೇಲೂ ಬೆಳೆಯೋದು. ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಇರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ನಮ್ಮ ಕಾಲದಲ್ಲಿ ಎಷ್ಟು ಜನ "ಹೆಣ್ಣಾದ ಮೇಲೆ ಇದ್ದದ್ದೇ" ಅನ್ನಿಸ್ಕೊಂಡು ಸುಮ್ಮನಾದರೋ! ಆ ಅಂಗಾಂಶ ಬೆಳೆದ ಜಾಗ ಊದಿಕೊಂಡಾಗ ಪಕ್ಕದ ಕರುಳೂ ಸಿಡಿಮಿಡಿ ಆಗತ್ತೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ಇವರಿಗೆ ಚುಚ್ಚತ್ತೆ. ಅಡುಗೆಮನೆ ಮದ್ದಿನಿಂದ ಈ ಕಾಯಿಲೆ ವಾಸಿ ಆಗಲ್ಲ. ಉಬ್ಬರ ಮಾತ್ರ ತಗ್ಗಿಸಬಹುದು. ಅದೇ ದೊಡ್ಡ ಉಪಕಾರ ಅಂತಾಳೆ ಅವಳು.

ನಮಗೆ ಮೊದಲು ದಾರಿ ತೋರಿಸಿದ್ದು ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್. ಅದರಲ್ಲೇ ಮುಟ್ಟಿನ ದಿನ, ಹೊಟ್ಟೆ ಬಿಗಿದ ದಿನ, ಅವತ್ತು ಏನು ತಿಂದಳು, ಮಲ ಸರಿಯಾಗಿ ಹೋಯಿತೋ ಇಲ್ಲವೋ, ಎಲ್ಲ ಗುರುತು ಹಾಕಿದೆವು. ಮೂರು ತಿಂಗಳಾಗೋ ಹೊತ್ತಿಗೆ ಕಣ್ಣಿಗೆ ಹೊಡೆದಂತೆ ಕಂಡಿತು: ಮುಟ್ಟಿಗೆ ಒಂದು ವಾರ ಮುಂಚೆ ಮಲ ಕಟ್ಟಿ ಉಬ್ಬರ ಏರತ್ತೆ, ಮುಟ್ಟಾದ ದಿನ ಭೇದಿ. ಅಂದರೆ ಜಾಗರೂಕತೆ ಬೇಕಾಗಿದ್ದು ಆ ಎಂಟು ಹತ್ತು ದಿನ. ತಿಂಗಳು ಪೂರ್ತಿ ಪಥ್ಯ ಮಾಡಿ ಬಡಕಲಾಗೋದು ಬೇಡ.

ಬೆಳ್ಳುಳ್ಳಿ, ಈರುಳ್ಳಿ, ಗೋಧಿ ಇವುಗಳಲ್ಲಿ ಫ್ರಕ್ಟಾನ್ ಅಂತ ಒಂದು ಅಂಶ ಇದೆ. ಅದು ಮನುಷ್ಯರ ಹೊಟ್ಟೇಲಿ ಜೀರ್ಣ ಆಗದೆ ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುಳಿಯತ್ತೆ, ಗಾಳಿ ತುಂಬತ್ತೆ. ನನ್ನ ಸುಟ್ಟ ಬೆಳ್ಳುಳ್ಳಿ ಮಾಡಿದ್ದೂ ಅದನ್ನೇ. ಆದರೆ ಈ ಫ್ರಕ್ಟಾನ್ ನೀರಲ್ಲಿ ಕರಗತ್ತೆ, ಎಣ್ಣೇಲಿ ಕರಗಲ್ಲ. ಇದು ತಿಳಿದ ಮೇಲೆ ನನ್ನ ಒಗ್ಗರಣೆಯ ಕ್ರಮವೇ ಬದಲಾಯ್ತು. ಸೌಟಲ್ಲಿ ಎಣ್ಣೆ ಸಣ್ಣ ಉರೀಲಿ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಹೊಂಬಣ್ಣ ಬಂದು ಘಮ ಏಳ್ತಿದ್ದ ಹಾಗೆ ಎಸಳುಗಳನ್ನೆಲ್ಲ ಆರಿಸಿ ತೆಗೀತೀನಿ. ಆಮೇಲೆ ಸಾಸಿವೆ, ಕರಿಬೇವು. ಆ ಎಣ್ಣೆ ಸಾರಿಗೆ ಬಿದ್ದರೆ ಬೆಳ್ಳುಳ್ಳಿ ಇಲ್ಲ ಅಂತ ಯಾರೂ ಹೇಳಲಾರರು. ಎಸಳು ಸಾರಿಗೆ ಬೀಳೋ ಮೊದಲೇ ತೆಗೀಬೇಕು, ಸಾರಲ್ಲಿ ಕುದ್ದ ಮೇಲೆ ತೆಗೆದು ಏನು ಪ್ರಯೋಜನ? ಈ ಎಣ್ಣೆಯನ್ನ ಅವತ್ತವತ್ತೇ ಮುಗಿಸಿ, ಬಾಟಲಿಗೆ ತುಂಬಿ ಹೊರಗಿಡಬೇಡಿ, ವಿಷ ಆಗೋ ಅಪಾಯ ಇದೆ. ಈರುಳ್ಳಿ ರುಚಿ ಬೇಕಂದರೆ ಈರುಳ್ಳಿ ಸೊಪ್ಪಿನ ಹಸಿರು ಭಾಗ ಮಾತ್ರ ಹೆಚ್ಚಿ ಹಾಕಿ. ಇಂಗು ಒಳ್ಳೇದೇ, ಆದರೆ ಡಬ್ಬಿ ಮೇಲೆ ಓದಿ ನೋಡಿ, ಪುಡಿ ಇಂಗಿಗೆ ಎಷ್ಟೋ ಕಡೆ ಮೈದಾ ಬೆರೆಸಿರ್ತಾರೆ.

ಕಾಳಿನ ವಿಷಯಕ್ಕೆ ಬಂದರೆ, ಅವರೆಕಾಯಿ ಕಾಲದಲ್ಲಿ ನಮ್ಮ ಕಡೆಯವರಿಗೆ ಹಿತಕಬೇಳೆ ಸಾರು ಬೇಡ ಅನ್ನೋದು ಪಾಪದ ಮಾತು. ಆದರೂ ಆ ಒಂದು ವಾರ ಬೇಡ. ಉಳಿದ ದಿನ ಯಾವ ಕಾಳಾದರೂ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಚೆನ್ನಾಗಿ ಬೇಯಿಸಿ. ಗಾಳಿ ಹುಟ್ಟಿಸೋ ಅಂಶ ಅರ್ಧಂಬರ್ಧ ನೀರಿಗೆ ಇಳಿದಿರತ್ತೆ. ಬಸ್ಸಾರಲ್ಲಿ ನಾವು ಮಾಡೋದು ತದ್ವಿರುದ್ಧ, ಬಸಿದ ಕಟ್ಟಿಗೇ ಖಾರ ರುಬ್ಬಿ ಹಾಕಿ ಉಣ್ಣೋದು! ಹಾಗಾಗಿ ಅವಳಿಗೆ ಪಲ್ಯ ಎರಡು ಚಮಚ, ಕಟ್ಟು ನಮಗೆ. ಅನ್ನ, ತೆಳು ಹೆಸರುಬೇಳೆ, ಸೌತೆಕಾಯಿ, ಕ್ಯಾರೆಟ್ ಪಲ್ಯ, ಟೊಮೇಟೊ ತಿಳಿಸಾರು ಅವಳಿಗೆ ಒಗ್ಗತ್ತೆ. ಹಾಲು ಕೆಲವರಿಗೆ ಆಗಲ್ಲ, ಹುಳಿ ಬಂದ ಮಜ್ಜಿಗೆ ಆಗತ್ತೆ. ಕಾಫಿ ಬಿಡು ಅನ್ನೋ ಮುಖ ನನಗಿಲ್ಲ, ಎರಡು ಲೋಟ ಒಂದಾಯ್ತು ಅಷ್ಟೆ.

ಇದನ್ನೇ ವ್ಯವಸ್ಥಿತವಾಗಿ ಮಾಡೋ ಪಥ್ಯಕ್ಕೆ ಲೋ ಫಾಡ್‌ಮ್ಯಾಪ್ ಅಂತಾರೆ, ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಇಂಥ ಗಾಳಿ ತುಂಬಿಸೋ ಪದಾರ್ಥಗಳನ್ನ ಎರಡರಿಂದ ಆರು ವಾರ ತಿನ್ನದೆ ಇದ್ದು, ಆಮೇಲೆ ಒಂದೊಂದೇ ಪದಾರ್ಥ ತಿಂದು ನೋಡಿ, ಒಗ್ಗಿದ್ದನ್ನ ಮತ್ತೆ ಸೇರಿಸಿಕೊಳ್ಳಬೇಕು. ಡಯಟೀಷಿಯನ್ ಹತ್ತಿರ ಕೇಳಿಯೇ ಮಾಡಿ. ಬಿಟ್ಟದ್ದನ್ನೆಲ್ಲ ಬಿಟ್ಟೇ ಇರೋದು ಪಥ್ಯವಲ್ಲ, ಉಪವಾಸ.

ಹೊಟ್ಟೆ ಬಿಗಿದ ಹೊತ್ತಿಗೆ ನಾನು ಜೀರಿಗೆ ಕಷಾಯ ಮಾಡ್ತೀನಿ. ಒಂದು ಚಮಚ ಜೀರಿಗೆ ಘಮ್ಮೆನ್ನುವಷ್ಟು ಹುರಿದು, ಎರಡು ಲೋಟ ನೀರು ಒಂದೂವರೆ ಆಗೋವರೆಗೆ ಕುದಿಸಿ, ಚೂರು ಶುಂಠಿ ಜಜ್ಜಿ ಹಾಕಿ. ಗುಟುಕು ಗುಟುಕಾಗಿ ಕುಡೀಬೇಕು, ಗಟಗಟ ಇಳಿಸಿದರೆ ಗಾಳೀನೂ ಒಳಗೆ ಹೋಗತ್ತೆ. ಬಿಸಿನೀರಿನ ಬ್ಯಾಗಿಗೆ ಟವೆಲ್ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಟ್ಟುಕೊಂಡರೆ ಸಾಕು. ನಮ್ಮ ಹುಡುಗಿ ಸುಡುಸುಡು ಇಟ್ಟು ಇಟ್ಟು ಹೊಟ್ಟೆ ಮೇಲೆ ಬಲೆ ಹಾಗೆ ಕಂದು ಗೆರೆ ಬಿದ್ದಿದ್ದವು. ಊಟ ಆದ ಮೇಲೆ ಮಲಗದೆ ಹತ್ತು ನಿಮಿಷ ತಾರಸಿ ಮೇಲೆ ಓಡಾಡಲಿ. ಕಮೋಡ್ ಇರೋ ಮನೆಯಲ್ಲಿ ಕಾಲ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ, ತಿಣುಕೋದು ತಪ್ಪತ್ತೆ.

ಮಾತ್ರೆ ಬಗ್ಗೆ ಒಂದು ಮಾತು. ನೋವಿನ ಮಾತ್ರೆಯನ್ನ ಖಾಲಿ ಹೊಟ್ಟೇಲಿ ಕಾಫಿ ಜೊತೆ ನುಂಗ್ತಿದ್ದಳು, ಎದೆ ಉರಿ ಬರದೆ ಇನ್ನೇನು? ಏನಾದರೂ ತಿಂದ ಮೇಲೆ ತಗೊಳ್ಳಿ. ಕಬ್ಬಿಣದ ಮಾತ್ರೆ ಮಲ ಕಟ್ಟತ್ತೆ. ಹಾಗಂತ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿದರೆ ಬದಲಿಸಿ ಕೊಡ್ತಾರೆ.

ಮುಟ್ಟಿನ ದಿನ ಮಲದಲ್ಲಿ ರಕ್ತ ಬಂದರೆ, ಮಲವಿಸರ್ಜನೆಗೆ ಕೂತಾಗ ಪ್ರಾಣ ಹೋಗುವಂಥ ನೋವಾದರೆ, ಕಾರಣ ಇಲ್ಲದೆ ತೂಕ ಇಳಿದರೆ, ಅಥವಾ ತಿಂಗಳ ಲೆಕ್ಕಕ್ಕೆ ಸಿಗದೆ ಎರಡು ಮೂರು ವಾರ ಉಬ್ಬರ ಇಳಿಯದೇ ಇದ್ದರೆ ಕಷಾಯ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಿ. ನನ್ನ ವಯಸ್ಸಿನವರಿಗೆ ಆ ಕೊನೇದು ಇನ್ನೂ ಮುಖ್ಯ, ಅಂಡಾಶಯದ ಕ್ಯಾನ್ಸರೂ ಹಾಗೇ ಶುರುವಾಗಬಹುದು. ವಾಂತಿ ನಿಲ್ಲದಿದ್ದರೆ, ಜ್ವರದ ಜೊತೆ ಹೊಟ್ಟೆ ನೋವಿದ್ದರೆ ಬೆಳಗಾಗೋವರೆಗೂ ಕಾಯಬೇಡಿ.

ಮೊನ್ನೆ ಒಂದು ಮದುವೆ ಊಟಕ್ಕೆ ಕೂತಿದ್ದೆವು. ಹೋಳಿಗೆ ಬಂತು, ಮೈದಾ ಹೊದಿಕೆ, ಒಳಗೆ ಬೇಳೆ ಹೂರಣ. ಕೈ ಅಡ್ಡ ಹಿಡಿದು "ಅರ್ಧ ಸಾಕು" ಅಂದಳು. ಬಡಿಸೋರು ಕೇಳ್ತಾರಾ? ಎರಡು ಹಾಕಿ ತುಪ್ಪವನ್ನೂ ಸುರಿದು ಮುಂದೆ ಹೋದರು. ಒಂದೂವರೆ ಹೋಳಿಗೆ ಸದ್ದಿಲ್ಲದೆ ನನ್ನ ಎಲೆಗೆ ದಾಟಿತು. "ದೊಡ್ಡಮ್ಮ, ನಿಂಗೆ ಶುಗರ್ ಅಲ್ವಾ?" ಅಂದಳು.