ಹಳ್ಳಿಗಿಂತ ಹೊಸ್ತಿಲೇ ದೂರ

"ಒಂಟಿಯಾಗಿರೋ ಅಜ್ಜ ಅಜ್ಜಿಯರನ್ನ ಹಳ್ಳಿಯಲ್ಲಿ ಎರಡು ರಾತ್ರಿ ಇಡ್ತೀರಾ? ಯಾರೂ ಬರಲ್ಲ, ಬಂದ್ರೂ ಒಬ್ರಾದ್ರೂ ಬಿದ್ದು ಸೊಂಟ ಮುರ್ಕೋತಾರೆ." ಒಂಟಿಯಾಗಿರುವ ಹಿರಿಯರನ್ನು ಹಳ್ಳಿಗೆ ಪ್ರವಾಸ ಕರೆದುಕೊಂಡು ಹೋಗ್ತೀನಿ ಅಂದಾಗ, ಇದೇ ಕೆಲಸದಲ್ಲಿರುವವರೇ ನನಗೆ ಹೀಗೆ ಹೇಳಿದ್ದರು. ಈ ಬೇಸಿಗೆಗೆ ಏಳನೇ ಪ್ರವಾಸ ಮುಗಿಯಿತು. ಕೊನೆಯ ಮೂರರಲ್ಲಿ ಹೆಸರು ಕೊಟ್ಟವರೆಲ್ಲ ಬಂದರು. ಇದುವರೆಗೆ ಬಿದ್ದಿದ್ದು ನಾನೊಬ್ಬನೇ, ಹೊಲದ ಬದುವಿನಲ್ಲಿ.

ಮೊದಲ ಸಲ ದೊಡ್ಡ ಬಸ್ಸು, ಒಂದೇ ದಿನದಲ್ಲಿ ಮೂರು ಜಾಗ. ಹೆಸರು ಕೊಟ್ಟವರು 22ರ ಹತ್ತಿರ, ಬೆಳಿಗ್ಗೆ ಬಂದವರು ಒಂಬತ್ತು. ಬಸ್ಸಿನ ಬಾಡಿಗೆ ಮಾತ್ರ ಪೂರ್ತಿ ಕೊಡಬೇಕಾಯಿತು. ಬರದ ಒಬ್ಬ ಅಜ್ಜಿ ಆಮೇಲೆ ಹೇಳಿದರು: ಬ್ಯಾಗ್ ಹಿಡಿದು ಬಾಗಿಲ ಹಿಂದೆಯೇ ಕೂತಿದ್ದರಂತೆ. ಎದ್ದು ಎರಡು ಸಲ ಗ್ಯಾಸ್ ನೋಡಿ ಬಂದರಂತೆ, ಮೂರನೇ ಸಲ ಹೋದವರು ಹೊರಗೆ ಬರಲೇ ಇಲ್ಲ.

ಅಲ್ಲಿಂದ ಪದ್ಧತಿ ಬದಲಾಯಿಸಿದೆ. ಹಿಂದಿನ ದಿನ ನಮ್ಮವರೊಬ್ಬರು ಮನೆಗೆ ಹೋಗಿ ಜೊತೆಯಲ್ಲೇ ಬ್ಯಾಗ್ ತುಂಬುತ್ತಾರೆ. ಹೊರಡುವ ದಿನ ಅವರೇ ಬಂದು ಕರೆದುಕೊಂಡು ಬರುತ್ತಾರೆ. ಆಫ್ ಮಾಡಿದ ಗ್ಯಾಸ್, ಹಾಕಿದ ಬೀಗ, ಎರಡರದ್ದೂ ಫೋಟೋ ಅಜ್ಜಿಯ ಫೋನಿನಲ್ಲೇ ತೆಗೆಯುತ್ತೇವೆ. ಮೂರನೇ ಪ್ರವಾಸದಲ್ಲಿ ಅದೇ ಅಜ್ಜಿ ದಾರಿಯಲ್ಲಿ ನಾಲ್ಕು ಸಲ ಆ ಫೋಟೋ ತೆಗೆದು ನೋಡಿದರು. ವಾಪಸ್ ಬರುವಾಗ ಒಂದು ಸಲವೂ ಇಲ್ಲ.

ಮೂತ್ರದ ಮಾತ್ರೆಯ, ಅಂದರೆ ಮೈಯಲ್ಲಿ ಹೆಚ್ಚಾದ ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಯ ವಿಷಯ ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುತ್ತದೆ, ಆದರೂ ಹೇಳ್ತೀನಿ. ದಾರಿಯಲ್ಲಿ ಟಾಯ್ಲೆಟ್ ಸಿಗಲ್ಲ ಅಂತ ಬೆಳಗಿನ ಮಾತ್ರೆ ಸುಮ್ನೆ ಬಿಟ್ಟುಬಿಡುತ್ತಾರೆ, ನೀರೂ ಕುಡಿಯಲ್ಲ. ಒಬ್ಬರಿಗೆ ಸಂಜೆಗೆ ಕಾಲು ಊದಿ, ಉಸಿರು ಕಟ್ಟಿ ಡಾಕ್ಟರ ಹತ್ತಿರ ಓಡಿದೆವು. ಈಗ 40-45 ನಿಮಿಷಕ್ಕೊಮ್ಮೆ ಗಾಡಿ ನಿಲ್ಲುತ್ತದೆ. ಅದನ್ನು ಫೋನಿನಲ್ಲಿ ಮೊದಲೇ ಹೇಳಿರುತ್ತೇವೆ. "ಹೋಗ್ಬೇಕಾ?" ಅಂತ ಕೇಳಿದರೆ ಎಲ್ಲರೂ ಬೇಡ ಅಂತಾರೆ. "ಡ್ರೈವರ್ ಕಾಲು ಹಿಡ್ಕೊಂಡಿದೆಯಂತೆ, ಇಳೀರಿ" ಅಂದರೆ ಎಲ್ಲರೂ ಇಳೀತಾರೆ. ನೀರೂ ಅಷ್ಟೇ, ಕೇಳೋದಲ್ಲ, ಲೋಟ ಕೈಗೆ ಕೊಡೋದು. ಎರಡನೇ ಪ್ರವಾಸದಲ್ಲಿ ತಣ್ಣಗಿರಲಿ ಅಂತ ಐಸ್ ಜೊತೆ ಇಟ್ಟಿದ್ದ ಒಬ್ಬರ ಇನ್ಸುಲಿನ್ ಐಸ್‌ಗೆ ತಾಗಿ ಹೆಪ್ಪುಗಟ್ಟಿತು, ಎಸೆಯಬೇಕಾಯಿತು. ನಡುವೆ ದಪ್ಪ ಟವೆಲ್ ಇಡಿ.

ದುಡ್ಡಿನ ಮಾತು. ಈಗ ಚಿಕ್ಕ ಗಾಡಿ, ಹತ್ತು ಹನ್ನೊಂದು ಜನ, ಒಂದೇ ಜಾಗ. ತಲೆಗೆ ಖರ್ಚು ಮೊದಲಿಗಿಂತ ಜಾಸ್ತಿಯೇ. ಅರ್ಧದಷ್ಟು ಗಾಡಿಗೆ, ಕಾಲು ಭಾಗ ಉಳಿಯುವ ಜಾಗಕ್ಕೆ, ಮಿಕ್ಕಿದ್ದು ಊಟಕ್ಕೆ ಮತ್ತು ಇಬ್ಬರು ಸಹಾಯಕರಿಗೆ. ವಾರದ ನಡುವೆ ಹೋದರೆ ಬಾಡಿಗೆ ಇಳಿಯುತ್ತದೆ. ನಾನು ಸುಟ್ಟ ದುಡ್ಡು ಅಂದರೆ ಕಮೋಡ್ ಮೇಲಿಡುವ ಎತ್ತರದ ಸೀಟುಗಳು. ನಾಲ್ಕು ತಂದಿದ್ದೆ, ಉಳಿಯುವ ಜಾಗದ ಕಮೋಡಿಗೆ ಒಂದೂ ಕೂರಲಿಲ್ಲ. ಈಗ ಟೇಪ್ ಹಿಡಿದು ನಾನೇ ಮೊದಲು ಹೋಗಿ ಬರುತ್ತೇನೆ. ಮಂಚ ಮೊಣಕಾಲಿನ ಎತ್ತರಕ್ಕಿರಬೇಕು, ಹಾಸಿಗೆಯಿಂದ ಟಾಯ್ಲೆಟ್ ತನಕ ರಾತ್ರಿ ದೀಪ ಇರಬೇಕು. ಇಲ್ಲದಿದ್ದರೆ ಆ ಜಾಗ ಬೇಡ.

ಕಾಲಕ್ಷೇಪಕ್ಕೆ ಏನೇನೋ ಮಾಡಿ ನೋಡಿದೆ. ಎಲ್ಲರನ್ನೂ ಸುತ್ತ ಕೂರಿಸಿ "ನಿಮ್ಮ ಬಾಲ್ಯದ ಕಥೆ ಹೇಳಿ" ಅಂದೆ, ಸ್ಮಶಾನಮೌನ. ಬೀಜ ಬಿತ್ತಿಸಿದೆ, ಬೆನ್ನು ನೋವು ಅಂತ ಎದ್ದರು. ಗೆದ್ದಿದ್ದು ಕೋಳಿಗೂಡು! ದಿನಾ ಮೊಟ್ಟೆ ಎಣಿಸುವ ಕೆಲಸ ಇಬ್ಬರಿಗೆ ಕೊಟ್ಟೆ. ಒಬ್ಬರು 13 ಅಂದರು, ಇನ್ನೊಬ್ಬರು 14. ಮೊದಲ ದಿನ ಬಾಯೇ ಬಿಡದಿದ್ದ ಮನುಷ್ಯ ಅವತ್ತು ಊಟದ ತನಕ ಜಗಳ ಆಡಿದರು. ಈಗಲೂ ಇಬ್ಬರೂ ವಾರಕ್ಕೊಮ್ಮೆ ಫೋನ್ ಮಾಡಿಕೊಳ್ಳುತ್ತಾರೆ.

ಒಂದೇ ಕೋಣೆಗೆ ಯಾರ ಜೊತೆ ಯಾರು ಅಂತ ಆರಿಸೋಕೆ ಫೋನಿನಲ್ಲಿ ಮೂರು ಪ್ರಶ್ನೆ ಕೇಳುತ್ತೇನೆ. ಒಂದು ಗೊರಕೆಯದ್ದು. ಉಳಿದೆರಡು ಹೇಳಲ್ಲ, ಏಳು ಪ್ರವಾಸದ ಸಂಪಾದನೆ ಅದು.

ಇನ್ನೂ ಕೈಗೆ ಹತ್ತದ್ದು ವಾಪಸ್ ಬಂದ ಮರುದಿನ. ಮನೆ ಮೊದಲಿಗಿಂತ ಖಾಲಿ ಅನ್ನಿಸುತ್ತದಂತೆ. ಮೂರನೇ ದಿನ ಫೋನ್ ಮಾಡುತ್ತೇನೆ. ಎರಡು ವಾರ ಬಿಟ್ಟು ಎಲ್ಲರನ್ನೂ ಒಂದು ಮಧ್ಯಾಹ್ನ ಸೇರಿಸಬೇಕು ಅಂತಿದೆ. ಗಾಡಿ ಬಾಡಿಗೆಗೆ ದುಡ್ಡು ಕೊಡೋರು ಇನ್ನೂ ಸಿಕ್ಕಿಲ್ಲ.