ಬಾಗಿಲ ಹತ್ತಿರವೇ ನಿಂತಿರುತ್ತೇನೆ ಅಂದರು

ಕುಡಿತ ಬಿಡಬೇಕೆಂದು ಮೊದಲ ಸಲ ಮೀಟಿಂಗಿಗೆ ಹೋದಾಗ ಬಾಗಿಲಿಗೆ ಬೀಗ ಬಿದ್ದಿತ್ತು. ಎಲ್ಲೋ ಸಿಕ್ಕ ಹಳೆಯ ಪಟ್ಟಿಯನ್ನು ನಂಬಿ ಹೋಗಿದ್ದೆ. ಆ ಗುಂಪು ಜಾಗ ಬದಲಿಸಿ ಎಷ್ಟೋ ಕಾಲವಾಗಿತ್ತು ಎಂದು ಆಮೇಲೆ ತಿಳಿಯಿತು. ‘ನಾನಂತೂ ಹೋಗಿದ್ದೆ, ಅವರೇ ಇರಲಿಲ್ಲ’ ಎಂದುಕೊಂಡು ಅವತ್ತು ರಾತ್ರಿ ಕುಡಿದೆ. ಮುಂದಿನ ಎರಡು ವಾರ ಕುಡಿಯಲಿಕ್ಕೂ ಅದೇ ನೆಪವಾಯಿತು. ಆದ್ದರಿಂದ ಎಲ್ಲಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ: ಹೋಗುವ ಮುಂಚೆ ಫೋನ್ ಮಾಡಿ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಬಹಳ ದೇಶಗಳಲ್ಲಿ ಸಹಾಯವಾಣಿ ಇಟ್ಟುಕೊಂಡಿದೆ. ಫೋನ್ ಎತ್ತುವವರು ಸಾಮಾನ್ಯವಾಗಿ ತಾವೇ ಕುಡಿತ ಬಿಟ್ಟವರು.

ನಾನು ಫೋನ್ ಮಾಡಿದಾಗ ಮಾತೇ ಹೊರಡಲಿಲ್ಲ. ಆ ಕಡೆಯವರು ಹೆಸರು ಕೇಳಲಿಲ್ಲ, ಎಷ್ಟು ಕುಡಿಯುತ್ತೀರಿ ಎಂದೂ ಕೇಳಲಿಲ್ಲ. ಇವತ್ತು ಕುಡಿದಿದ್ದೀರಾ, ಕೈ ನಡುಗುತ್ತಿದೆಯಾ ಎಂದಷ್ಟೇ ಕೇಳಿದರು. ನಡುಗುತ್ತಿದೆ ಅಂದೆ. ‘ಹಾಗಾದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಮೀಟಿಂಗ್ ನಾಳೆಯೂ ಇರುತ್ತದೆ’ ಅಂದರು. ಆ ಮಾತಿನ ಬೆಲೆ ನನಗೆ ಗೊತ್ತಾಗಿದ್ದು ಡಾಕ್ಟರು ವಿವರಿಸಿದ ಮೇಲೆ. ವರ್ಷಗಟ್ಟಲೆ ದಿನವೂ ಕುಡಿದ ಮೈ ಒಮ್ಮೆಲೇ ನಿಲ್ಲಿಸಿದರೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಭ್ರಮೆ, ಜ್ವರ, ವಿಪರೀತ ನಡುಕ ಕಾಣಿಸಿಕೊಳ್ಳಬಹುದು. ಅದು ಪ್ರಾಣಕ್ಕೇ ಅಪಾಯ. ನನಗೆ ಕೆಲವು ದಿನ ಮಾತ್ರೆ ಕೊಟ್ಟರು, ಜೊತೆಗೆ ಥಯಾಮಿನ್ ಎಂಬ ವಿಟಮಿನ್ ಕೊಟ್ಟರು. ದಯವಿಟ್ಟು ಈ ಹಂತವನ್ನು ಮನೋಬಲದಿಂದ ದಾಟುತ್ತೇನೆ ಎಂದು ಹೊರಡಬೇಡಿ.

ಆಮೇಲೆ ಮತ್ತೆ ಫೋನ್ ಮಾಡಿದೆ. ‘ಹತ್ತು ನಿಮಿಷ ಮುಂಚೆ ಬನ್ನಿ, ಬಾಗಿಲ ಹತ್ತಿರವೇ ನಿಂತಿರುತ್ತೇನೆ’ ಅಂದರು. ನಿಂತಿದ್ದರು. ಇಲ್ಲದಿದ್ದರೆ ನಾನು ಒಳಗೆ ಹೋಗುತ್ತಿರಲಿಲ್ಲ.

ಈ ಚಳವಳಿ ಶುರುವಾದದ್ದೂ ಒಂದು ಫೋನ್ ಕರೆಯಿಂದಲೇ ಎಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. 1935ರಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ಡಬ್ಲ್ಯು. ಅಮೆರಿಕದ ಆಕ್ರನ್‌ಗೆ ವ್ಯವಹಾರಕ್ಕೆಂದು ಹೋಗಿದ್ದರು. ಆ ಕೆಲಸ ಕೈಗೂಡಲಿಲ್ಲ. ಹೋಟೆಲಿನ ಬಾರ್ ಎಳೆಯುತ್ತಿದ್ದಾಗ ಅವರು ಫೋನಿನ ಕಡೆ ನಡೆದರು, ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿಕೊಡಿ ಎಂದು ಕೇಳಿದರು. ಹಾಗೆ ಸಿಕ್ಕವರು ಸರ್ಜನ್ ಆಗಿದ್ದ ಡಾ. ಬಾಬ್. ಬಾಬ್ ಕಡೆಯ ಸಲ ಕುಡಿದ ದಿನವೆಂದು ಗುರುತಿಸುವ ಜೂನ್ 10ನ್ನೇ ಎಎ ಹುಟ್ಟಿದ ದಿನವೆಂದು ಎಣಿಸುತ್ತಾರೆ.

ಮೀಟಿಂಗಿನಲ್ಲಿ ಓಪನ್, ಕ್ಲೋಸ್ಡ್ ಎಂದು ಎರಡು ಬಗೆ. ಓಪನ್‌ಗೆ ಯಾರು ಬೇಕಾದರೂ ಬರಬಹುದು, ಮನೆಯವರೂ ಬರಬಹುದು. ಕ್ಲೋಸ್ಡ್ ಇರುವುದು ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಆ ಬಯಕೆಯೊಂದಿದ್ದರೆ ಸಾಕು, ಬೇರೆ ಷರತ್ತಿಲ್ಲ. ಶುಲ್ಕವಿಲ್ಲ, ಅರ್ಜಿಯಿಲ್ಲ. ಖರ್ಚಿಗೆಂದು ಒಂದು ಬುಟ್ಟಿ ಕೈಯಿಂದ ಕೈಗೆ ಹೋಗುತ್ತದೆ; ಹೊಸಬರು ಏನೂ ಹಾಕಬೇಕಾಗಿಲ್ಲ.

ನನ್ನ ಸರದಿ ಬಂದಾಗ ‘ಇವತ್ತು ಬರೀ ಕೇಳಿಸಿಕೊಳ್ಳುತ್ತೇನೆ’ ಅಂದೆ. ‘ಬಂದಿದ್ದಕ್ಕೆ ಥ್ಯಾಂಕ್ಸ್’ ಎಂದು ಮುಂದಿನವರತ್ತ ತಿರುಗಿದರು. ಒಬ್ಬರು ಮಾತಾಡುವಾಗ ನಡುವೆ ಯಾರೂ ಬಾಯಿ ಹಾಕಲಿಲ್ಲ, ಹೀಗೆ ಮಾಡಬೇಕಿತ್ತು ಎಂದು ಬುದ್ಧಿ ಹೇಳಲಿಲ್ಲ. ವಯಸ್ಸಾದ ಒಬ್ಬರು ಬಾಟಲಿಯನ್ನು ಒದ್ದೆ ಬಟ್ಟೆಗಳ ನಡುವೆ ಅಡಗಿಸಿಡುತ್ತಿದ್ದುದನ್ನು ಹೇಳಿದರು. ನಾನೂ ಅಲ್ಲೇ ಇಡುತ್ತಿದ್ದೆ. ಹನ್ನೊಂದು ವರ್ಷ ಅದು ನನ್ನೊಬ್ಬನ ಗುಟ್ಟು ಅಂದುಕೊಂಡಿದ್ದೆ. ತಲೆ ತಗ್ಗಿಸಿ ಅತ್ತೆ. ಯಾರೂ ನನ್ನ ಕಡೆ ನೋಡಲಿಲ್ಲ, ಅದೇ ದೊಡ್ಡ ಉಪಕಾರವಾಯಿತು.

ಎಲ್ಲವೂ ಹಿಡಿಸಿತು ಎನ್ನಲಾರೆ. ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬಂದಾಗ ಇರಿಸುಮುರಿಸಾಯಿತು. ‘ನಾವು ಅರಿತಂತೆ’ ಎಂಬ ಪದಗಳೂ ಅಲ್ಲೇ ಇವೆ ಎಂದು ಒಬ್ಬರು ತೋರಿಸಿದರು. ನನಗಿಂತ ದೊಡ್ಡದೊಂದು ಶಕ್ತಿ ಎಂದರೆ ನನಗೆ ಈ ಗುಂಪೇ. ಅಷ್ಟೂ ಒಗ್ಗದವರಿಗೆ ಬೇರೆ ದಾರಿಗಳಿವೆ. 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿಯಲ್ಲಿ ಯೋಚನೆಯ ಅಭ್ಯಾಸಗಳನ್ನು ತಿದ್ದುವ ಕೆಲಸವೇ ಮುಖ್ಯ. ಹೆಂಗಸರಿಗೆಂದೇ 1975ರಿಂದ ವಿಮೆನ್ ಫಾರ್ ಸೊಬ್ರೈಟಿ ಇದೆ. ಎಎ ಒಳಗೂ ಗುಂಪಿನಿಂದ ಗುಂಪಿಗೆ ಗುಣ ಬೇರೆ. ನಾನು ನಾಲ್ಕು ಗುಂಪು ನೋಡಿದೆ. ಒಂದರಲ್ಲಿ ಒಬ್ಬರೇ ಅರ್ಧ ಗಂಟೆ ಮಾತಾಡಿದರು, ಅಲ್ಲಿಗೆ ಮತ್ತೆ ಹೋಗಲಿಲ್ಲ.

ಮುಗಿದ ತಕ್ಷಣ ಎದ್ದು ಬರಬೇಡಿ. ನನಗೆ ಮೂರು ಫೋನ್ ನಂಬರ್ ಸಿಕ್ಕಿದ್ದು ಕುರ್ಚಿ ಎತ್ತಿಡುವಾಗ. ಸಂಜೆಯ ಆ ಕೆಟ್ಟ ಒಂದು ಗಂಟೆಯಲ್ಲಿ, ಕುಡಿದ ಮೇಲಲ್ಲ, ಕುಡಿಯುವ ಮುಂಚೆ ಮಾಡಬೇಕಾದ ಕರೆಗೆ ಆ ನಂಬರುಗಳು. ನಲವತ್ತನೆಯ ದಿನ ನಾನು ಹಾಗೆ ಮಾಡಲಿಲ್ಲ, ಕುಡಿದೆ. ಮಾರನೆಯ ದಿನ ಹೋಗಿ ಹೇಳಿಕೊಂಡೆ. ಬೈಗುಳ ನಿರೀಕ್ಷಿಸಿದ್ದೆ; ಅವರು ಪಕ್ಕದ ಕುರ್ಚಿ ಸರಿಸಿ ಕೊಟ್ಟರು. ಮತ್ತೆ ಒಂದರಿಂದ ಎಣಿಸಿದೆ. ಆವತ್ತೇ ಅವರಲ್ಲೊಬ್ಬರನ್ನು ನನ್ನ ಸ್ಪಾನ್ಸರ್, ಅಂದರೆ ಕೈ ಹಿಡಿದು ನಡೆಸುವ ಹಳಬರು, ಆಗಿ ಎಂದು ಕೇಳಿಕೊಂಡೆ.

ನನ್ನ ಹೆಂಡತಿ ಈಗ ಅಲ್-ಅನಾನ್‌ಗೆ ಹೋಗುತ್ತಾಳೆ. ಕುಡುಕರ ಮನೆಯವರಿಗೆಂದು 1951ರಲ್ಲಿ ಅದನ್ನು ಕಟ್ಟಿದವರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಕೂಡ ಒಬ್ಬರು. ಅಲ್ಲಿ ಅವಳು ನನ್ನ ಬಗ್ಗೆ ಏನು ಹೇಳುತ್ತಾಳೆಂದು ನಾನು ಕೇಳುವುದಿಲ್ಲ. ಮೊದಮೊದಲು ತಡೆದುಕೊಳ್ಳುವುದು ಕಷ್ಟವಾಗುತ್ತಿತ್ತು. ಗುರುವಾರ ಸಂಜೆ ಇಬ್ಬರೂ ಒಟ್ಟಿಗೆ ಮನೆಯಿಂದ ಹೊರಟು, ಬೇರೆ ಬೇರೆ ಬಾಗಿಲಿಗೆ ಹೋಗುತ್ತೇವೆ.