ಮಗ ಏಪ್ರಿಲ್ ಬಿಸಿಲಲ್ಲೂ ಜರ್ಕಿನ್ ಬಿಚ್ಚದಿದ್ದರೆ

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿದ ನನ್ನ ಮಗ, ಬೆಂಗಳೂರು ಕಾವಲಿ ಥರ ಕಾದಿದ್ದಾಗಲೂ ಜರ್ಕಿನ್ ಹಾಕಿಕೊಂಡೇ ಓಡಾಡುತ್ತಿದ್ದ. ತೋಳು ಸಣ್ಣ ಕಾಣುತ್ತದೆ ಅಂತ ಮುಚ್ಚಿಕೊಳ್ಳುತ್ತಿದ್ದಾನೆ ಅಂತ ಹೊಳೆಯಲು ನನಗೆ ಎರಡು ತಿಂಗಳು ಬೇಕಾಯಿತು. ಅವನಿಗೆ 'ಕಡ್ಡಿ ಪೈಲ್ವಾನ್' ಅಂತ ಹೆಸರಿಟ್ಟಿದ್ದು ಬೇರೆ ಯಾರೂ ಅಲ್ಲ, ನಾನೇ.

ಹಾಗಾಗಿ ಮೊದಲ ಕೆಲಸ ಮನೆಯಲ್ಲೇ. ಕಡ್ಡಿ, ಡುಮ್ಮ, ಕುಳ್ಳ, ಇವೆಲ್ಲ ಇವತ್ತಿಗೇ ಬಂದ್. ಮದುವೆ ಛತ್ರದಲ್ಲಿ ಯಾರಾದರೂ ಮಾವ "ಏನೋ, ಮನೇಲಿ ಊಟ ಹಾಕಲ್ವಾ?" ಅಂದರೆ ಹಲ್ಲು ಕಿರಿಯುತ್ತಾ ನಿಲ್ಲಬೇಡಿ, "ಅವನು ಚೆನ್ನಾಗೇ ಇದ್ದಾನೆ, ನೀವು ಬನ್ನಿ, ಪಂಕ್ತಿ ಹಾಕಿದ್ದಾರೆ" ಅಂತ ಮಾತು ತಿರುಗಿಸಿ. ಮಗನಿಗೆ ಅದು ಕೇಳಿಸಬೇಕು. ನಮ್ಮನ್ನೂ ರೇಗಿಸುತ್ತಿದ್ದರು, ನಮಗೇನಾಯಿತು ಅನ್ನಬಹುದು. ನಮ್ಮ ಕಾಲದಲ್ಲಿ ಬೀದಿಗೊಬ್ಬ ಪೈಲ್ವಾನ್ ಇದ್ದ, ಅಷ್ಟೇ. ಇವರ ಫೋನಿನಲ್ಲಿ ನಿಮಿಷಕ್ಕೊಬ್ಬ ಸಿಕ್ಸ್ ಪ್ಯಾಕ್ ಬರುತ್ತಾನೆ, ಅದೂ ವರ್ಕೌಟ್ ಮುಗಿಸಿದ ತಕ್ಷಣ, ಒಳ್ಳೆ ಲೈಟ್ ನೋಡಿಕೊಂಡು ತೆಗೆದ ವಿಡಿಯೋದಲ್ಲಿ.

ಮಾತಾಡುವುದಕ್ಕೆ ಎದುರು ಕೂರಿಸಿಕೊಳ್ಳಬೇಡಿ, ಬಾಯಿ ಬಿಡುವುದಿಲ್ಲ. ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಡಿ. ಮುಖ ನೋಡಬೇಕಾಗಿಲ್ಲವಲ್ಲ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಾಗ ತಾನಾಗೇ ಹೇಳುತ್ತಾನೆ. ಆ ಟ್ರಾಫಿಕ್ಕಿನಿಂದ ನಮಗಾದ ಒಂದೇ ಉಪಕಾರ ಅದು.

ಮೈ ಬಗ್ಗೆ ಗೊತ್ತಿರಬೇಕಾದ್ದನ್ನು ಅಪ್ಪನೇ ಹೇಳಿದರೆ ಒಳ್ಳೆಯದು. ಹುಡುಗರಲ್ಲಿ ಹರೆಯದ ಬದಲಾವಣೆ 9ರಿಂದ 14 ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು; ಅದಕ್ಕೇ ಒಂದೇ ಬೆಂಚಿನಲ್ಲಿ ಒಬ್ಬನಿಗೆ ಮೀಸೆ ಬಂದಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ಎದೆ ಸ್ವಲ್ಪ ಉಬ್ಬುವುದೂ ಎಷ್ಟೋ ಹುಡುಗರಿಗೆ ಆಗುತ್ತದೆ, ಸಾಮಾನ್ಯವಾಗಿ ಎರಡು ವರ್ಷದೊಳಗೆ ಇಳಿಯುತ್ತದೆ. ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಇದೊಂದು ವಿಷಯಕ್ಕೇ ಈಜು ಬಿಟ್ಟ ಹುಡುಗರಿದ್ದಾರೆ, ಮನೆಯಲ್ಲಿ ಯಾರಿಗೂ ಹೇಳದೆ.

ಜಿಮ್ ಕೇಳಿದರೆ ಬೇಡ ಅನ್ನಬೇಡಿ. ಒಂದು ದಿನ ಜೊತೆಗೆ ಹೋಗಿ, ಟ್ರೇನರ್ ಮೊದಲ ದಿನ ಏನು ಮಾಡಿಸುತ್ತಾನೆ ನೋಡಿ. ಕಡಿಮೆ ತೂಕದಲ್ಲಿ ಸರಿಯಾಗಿ ಎತ್ತುವುದನ್ನು ಕಲಿಸಿದರೆ ಸರಿ. ಮೊದಲೇ ಪ್ರೋಟೀನ್ ಪುಡಿಯ ಡಬ್ಬ ಮಾರಲು ಬಂದರೆ ಬೇರೆ ಜಿಮ್ ಹುಡುಕಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ 16ರಿಂದ 18ರ ಹುಡುಗನಿಗೆ ದಿನಕ್ಕೆ ಬೇಕಾದ ಪ್ರೋಟೀನ್ ಸುಮಾರು 55 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. ಮೊಟ್ಟೆ, ಹಾಲು, ಮೊಸರು, ಹುರುಳಿಕಾಳಿನ ಸಾರು, ಒಂದು ಹಿಡಿ ಕಡಲೇಕಾಯಿ, ಇಷ್ಟರಲ್ಲೇ ಬಹುಪಾಲು ಮುಗಿಯಿತು.

ಮೈ ಕಟ್ಟಲು ತೆಗೆದುಕೊಳ್ಳುವ ಸ್ಟೆರಾಯ್ಡ್ ವಿಷಯದಲ್ಲಿ ಮಾತ್ರ ರಾಜಿ ಇಲ್ಲ, ಇಂಜೆಕ್ಷನ್ನೂ ಬೇಡ, ಮಾತ್ರೆಯೂ ಬೇಡ. ಸುಮ್ನೆ "ಮುಟ್ಟಿದರೆ ನೋಡು" ಅಂದರೆ ಸಾಲದು, ಕಾರಣ ಹೇಳಿ. ಎತ್ತರ ಬೆಳೆಯುವುದು ಅವಧಿಗೆ ಮೊದಲೇ ನಿಲ್ಲಬಹುದು, ವೃಷಣ ಕುಗ್ಗುತ್ತದೆ, ಎದೆ ಇನ್ನೂ ಉಬ್ಬಬಹುದು. ಹದಿನಾರರ ಹುಡುಗನಿಗೆ ಇಷ್ಟು ಕೇಳಿದರೆ ಸಾಕು, ಭಯ ತಾನಾಗೇ ಬರುತ್ತದೆ.

ಊಟ ಬಿಡುತ್ತಿದ್ದಾನೆ, ಒಂದು ದಿನ ಜಿಮ್ ತಪ್ಪಿದರೆ ಒದ್ದಾಡುತ್ತಾನೆ, ಗಂಟೆಗಟ್ಟಲೆ ಕನ್ನಡಿ ಮುಂದೆ ನಿಲ್ಲುತ್ತಾನೆ, ಗೆಳೆಯರನ್ನೂ ದೂರ ಇಟ್ಟಿದ್ದಾನೆ ಅಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. "ನಿಮ್ಹಾನ್ಸಾ?" ಅಂತ ಹುಬ್ಬೇರಿಸುವ ನೆಂಟರಿಗೆ ಹೇಳಲೇಬೇಕು ಅಂತೇನಿಲ್ಲ.

ಜರ್ಕಿನ್ ಬಗ್ಗೆ ಮಾತ್ರ ಕೇಳಬೇಡಿ. ನನ್ನ ಮಗ ಆಗಸ್ಟಿನಲ್ಲಿ ಬಿಚ್ಚಿಟ್ಟ, ಅದೂ ಹೊರಗೆ ಧೋ ಅಂತ ಮಳೆ ಸುರಿಯುತ್ತಿದ್ದಾಗ.